ಎರಡು ಸಂಘ ಒಂದಾದ ಮೇಲೆ

ಅಂಕೋಲೆಯ ನಮ್ಮ ಗೃಹ ನಿರ್ಮಾಣ ಸಂಘಕ್ಕೆ ನಾನು ಕಾರ್ಯದರ್ಶಿ. ಕಾರವಾರದ ಸಂಘದ ಜೊತೆ ವಿಲೀನ ಆದಾಗಿನಿಂದ ನನಗೆ ಸಿಟ್ಟು ಬರದ ದಿನವೇ ಇಲ್ಲ. ಮನೆಯಲ್ಲಿ ಬಂದು ಹೇಳಿದರೆ ಹೆಂಡತಿ ನಗುತ್ತಾಳೆ. ಅದಕ್ಕೆ ಇನ್ನೂ ಸಿಟ್ಟು.

ಹೆಸರು

ಹೊಸ ಸಂಘದ ಹೆಸರಲ್ಲಿ ಯಾವ ಊರು ಮೊದಲು?

"ಜಿಲ್ಲಾ ಕೇಂದ್ರ ನಮ್ದು," ಅಂದರು ಕಾರವಾರದ ಅಧ್ಯಕ್ಷರು.

"ಉಪ್ಪಿನ ಸತ್ಯಾಗ್ರಹ ಮಾಡಿದ ಊರು ನಮ್ದು," ಅಂದರು ನಮ್ಮ ಅಧ್ಯಕ್ಷರು; ವಿಲೀನವಾದರೂ ಇಬ್ಬರೂ ಕುರ್ಚಿ ಬಿಟ್ಟಿರಲಿಲ್ಲ.

ನಾಲ್ಕು ಸಭೆ ಇದಕ್ಕೇ ಹೋಯಿತು. ಮನೆ ಕಟ್ಟುವ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ರಸ್ತೆ ಬದಿಯ ಬೋರ್ಡಿನ ಒಂದು ಮಗ್ಗುಲಿಗೆ 'ಕಾರವಾರ-ಅಂಕೋಲಾ', ಇನ್ನೊಂದು ಮಗ್ಗುಲಿಗೆ 'ಅಂಕೋಲಾ-ಕಾರವಾರ' ಅಂತ ಬರೆಸಿದರು.

ಪೋಸ್ಟ್‌ಮ್ಯಾನ್ ಎರಡೂ ಮಗ್ಗುಲು ನೋಡಿ ಬಂದು ಕೇಳಿದ: "ಸರ್, ಇಲ್ಲಿ ಎರಡು ಸಂಘ ಉಂಟಾ?"

"ಮೊದಲೂ ಎರಡೇ ಇತ್ತು ಮಾರಾಯಾ!" ಅಂತ ಕೂಗಿಬಿಟ್ಟೆ.

ಸಮುದ್ರ

ಸಂಘ ದೊಡ್ಡದಾಯಿತಲ್ಲ, ಕಾರವಾರದ ಹತ್ತಿರದ ಮಾಜಾಳಿಯಲ್ಲಿ ಫ್ಲ್ಯಾಟ್ ಕಟ್ಟಲು ಒಬ್ಬ ಬಿಲ್ಡರ್ ಪಾಲುದಾರನಾದ. ಎಲ್ಲ ಮನೆಯಿಂದಲೂ ಸಮುದ್ರ ಕಾಣುತ್ತದೆ ಅಂದಿದ್ದ. ಸದಸ್ಯರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಸುತ್ತ ಬರೀ ತೆಂಗಿನ ಮರ.

"ಸಮುದ್ರ ಎಲ್ಲಿ?" ಅಂದೆ.

"ನಾಲ್ಕನೇ ಮಾಳಿಗೆಗೆ ಹೋದ್ರೆ ಕಾಣ್ತದೆ ಸರ್."

"ಮಾಳಿಗೆ ಎಲ್ಲಿ?"

"ನೀವು ಬುಕ್ ಮಾಡಿದ ಮೇಲೆ ಕಟ್ಟೂದು."

ನನಗೆ ಮೈಯೆಲ್ಲ ಉರಿಯಿತು. ದಾರಿಯಲ್ಲಿ ಮೀನು ಬುಟ್ಟಿ ಹೊತ್ತು ಹೊರಟಿದ್ದ ಅಜ್ಜಿ ನಿಂತು ಕೇಳಿಸಿಕೊಂಡಳು. "ಸಮುದ್ರ ನೋಡೂಕೆ ಇಷ್ಟೆಲ್ಲ ಎಂತಕೆ? ನಮ್ಮನೆ ಅಂಗಳಕ್ಕೆ ಬನ್ನಿ, ಚಾನೂ ಕೊಡ್ತೆ."

ವ್ಯಾನು ಅಲ್ಲಿಗೇ ಹೋಯಿತು. ಬಿಲ್ಡರನೂ ಬಂದು ಚಾ ಕುಡಿದ!

ಗಟಾರ

ನಮ್ಮ ಬಡಾವಣೆಯಲ್ಲಿ ಎಲ್ಲರೂ 'ಬಾಯಿಯವರು' ಅಂತ ಕರೆಯುವ ಒಬ್ಬ ಮಹಿಳೆಯ ಮನೆ ಮುಂದಿನ ಗಟಾರ ಕಟ್ಟಿಕೊಂಡಿತ್ತು. ನಾನು ಕಾರವಾರ ಆಫೀಸಿಗೆ ತಿಳಿಸಿದರೆ, "ಅಂಕೋಲೆ ಗಟಾರ ಅಂಕೋಲೆಯವರೇ ನೋಡ್ಬೇಕು" ಅಂದರು. ನಮ್ಮ ಅಧ್ಯಕ್ಷರು, "ಈಗ ಎಲ್ಲ ಕಾರವಾರದ್ದೇ ಅಲ್ವಾ?" ಅಂದರು. ಬೈಸಿಕೊಳ್ಳುವುದು ಮಾತ್ರ ನಾನು.

ವಾರ್ಷಿಕ ಸಭೆಯಲ್ಲಿ ಕಾರವಾರದ ಅಧ್ಯಕ್ಷರು ಎದೆಯುಬ್ಬಿಸಿ, "ಇನ್ನು ಕುಮಟೆ ಸಂಘವೂ ನಮ್ಮಲ್ಲಿ ವಿಲೀನ!" ಅಂದರು. ಚಪ್ಪಾಳೆ ನಿಲ್ಲುವ ಮೊದಲೇ ಬಾಯಿಯವರು ಎದ್ದರು.

"ಮಾಡ್ಕೊಳ್ಳಿ, ಬೇಡ ಅಂದವ್ರು ಯಾರು? ಅದಕ್ಕಿಂತ ಮೊದ್ಲು ನಮ್ಮ ಗಟಾರನ ಸಮುದ್ರದಲ್ಲಿ ವಿಲೀನ ಮಾಡಿ. ಪ್ರತಿ ಮಳೆಗಾಲ ಅದು ನಮ್ಮ ಅಡುಗೆಮನೆಲಿ ವಿಲೀನ ಆಗ್ತಾ ಉಂಟು!"

ಸಭೆಗೆ ಸಭೆಯೇ ಅವರತ್ತ ತಿರುಗಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯ ಸದಸ್ಯರೊಬ್ಬರು ಅಭ್ಯಾಸಬಲದಿಂದ ಕೈ ಎತ್ತಿ, "ನನ್ನ ಅನುಮೋದನೆ ಉಂಟು!" ಅಂದರು. ನಗುತ್ತ ಎಲ್ಲರೂ ಕೈ ಎತ್ತಿದರು, ಇಬ್ಬರೂ ಅಧ್ಯಕ್ಷರು ಸಹ.

ಮರುವಾರವೇ ಗಟಾರ ಬಿಡಿಸಿ ನೀರನ್ನು ಸಮುದ್ರಕ್ಕೆ ಹರಿಯಬಿಟ್ಟರು. ನಮ್ಮ ಸಂಘದ ಇತಿಹಾಸದಲ್ಲಿ ಜಗಳವಿಲ್ಲದೆ ಆದ ವಿಲೀನ ಅದೊಂದೇ.