ತುಂತುಣಿಯ ಕರೆ

ನನ್ನ ಸೋದರಮಾವ ಇಪ್ಪತ್ತು ವರ್ಷ ಒಂದೇ ತಂತಿಯ ಮೇಲೆ ಸಂಸಾರ ನಡೆಸಿದ ಎಂದರೆ ನೀವು ನಂಬುವುದಿಲ್ಲ!

ಅದು ತುಂತುಣಿಯ ತಂತಿ. ತಳಕ್ಕೆ ಚರ್ಮ ಬಿಗಿದ ಮರದ ಡಬ್ಬಿ, ಪಕ್ಕಕ್ಕೊಂದು ಕೋಲು, ಒಂಟಿ ತಂತಿ. ಗೊಂದಲಿಗರು ದೇವಿಯ ಹಾಡಿಗೆ ಮೀಟುವ ಈ ವಾದ್ಯವನ್ನು ಅಂಕಲಿಯ ನನ್ನ ಮಾವ ಹೆಂಡತಿಯನ್ನು ಕರೆಯಲು ಇಟ್ಟುಕೊಂಡಿದ್ದ. ಆ ತುಂಬಿದ ಮನೆಯಲ್ಲಿ ಹಿರಿಯರೆದುರು ಹೆಂಡತಿಯ ಹೆಸರು ಹಿಡಿದು ಕೂಗುವ ಪದ್ಧತಿ ಇರಲಿಲ್ಲ. ಉಳಿದ ಗಂಡಸರು ಕೆಮ್ಮುತ್ತಿದ್ದರು. ಮಾವನಿಗೆ ಕೆಮ್ಮು ಹಳೇ ಕಾಲದ್ದೆನಿಸಿತು!

“ಚಿಕ್ಕೋಡಿ ಕಚೇರ್ಯಾಗ ಸಾಹೇಬ ಗಂಟಿ ಒತ್ತತಾನಲ್ಲೋ? ಇದೂ ಹಂಗ,” ಎನ್ನುತ್ತಿದ್ದ.

ಒಮ್ಮೆ ಮೀಟಿದರೆ ನೀರು, ಎರಡು ಸಲಕ್ಕೆ ಚಹಾ. ‘ಟುಂಯ್’ ಎಂದರೆ ಸಾಕು, ಅತ್ತೆ ಹಿತ್ತಲಿನಿಂದ ಬರುತ್ತಿದ್ದಳು. ಹೊಸ ಅಳಿಯನೊಬ್ಬ ಸುಮ್ಮನೆ ಮೀಟುತ್ತ ಕೂತು ಏಳು ಕಪ್ ಚಹಾ ಕುಡಿಯಬೇಕಾಯಿತು! ನನಗೆ ಆ ದನಿಯದೇ ಸೋಜಿಗ. ಅಷ್ಟು ಸಣ್ಣ ಡಬ್ಬಿಯದು ಎರಡು ಗೋಡೆ ದಾಟುವುದು ಹೇಗೆ?

ಎಂಬತ್ತೆಂಟೋ ಎಂಬತ್ತೊಂಬತ್ತೋ, ನನ್ನ ಡೈರಿಯಲ್ಲಿ ‘ಅತ್ತೆ ಬರಲಿಲ್ಲ’ ಎಂದಷ್ಟೇ ಇದೆ. ಉಳಿದದ್ದಕ್ಕೆ ನೆನಪು ತೇಪೆ ಹಾಕಿರಬಹುದು.

ಮಾವ ಮೀಟಿದ, ಅತ್ತೆ ಬರಲಿಲ್ಲ. ಮರುದಿನವೂ ಇಲ್ಲ.

“ಏನ್ ತಪ್ಪ ಮಾಡಿದ್ಯೋ?” ಎಂದಳು ಅಜ್ಜಿ.

“ಏನಿಲ್ಲವ್ವಾ.”

“ಹಂಗಂದ್ರ ದೊಡ್ಡದ ಮಾಡಿರ್ತಿ!”

ಮಾವ ನಿಪ್ಪಾಣಿಯಿಂದ ಸೀರೆ ತಂದ. ಅತ್ತೆ ಸೀರೆ ಉಟ್ಟಳು. ಕರೆಗೆ ಮಾತ್ರ ಬರಲಿಲ್ಲ. ದನಿ ಸಾಲದೇನೋ ಎಂದು ಭಜನೆಯವರ ಮೈಕು ತಂದು ತುಂತುಣಿಯ ಮುಂದಿಟ್ಟ. ಓಣಿಯೆಲ್ಲ ಟುಂಯ್! ನೆರೆಮನೆಯ ಮುದುಕಿ ಓಡಿಬಂದಳು: “ಯಪ್ಪಾ, ಚಾ ಯಾರಿಗಿ ಬೇಕಾಗೇತಿ? ನಾನರ ಮಾಡಿ ಕೊಡ್ಲೇನು?”

ನಾವೆಲ್ಲ ನಕ್ಕೆವು. ಅತ್ತೆ ಪಡಸಾಲೆಯ ಬಾಗಿಲಲ್ಲೇ ನಮಗೆ ಬೆನ್ನು ಮಾಡಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಿರುಗಿ ನೋಡಲಿಲ್ಲ.

ಮಾವನ ನಗು ನಿಂತಿತು. ಅಜ್ಜಿ ಎದುರಿಗಿರುವುದನ್ನೂ ಮರೆತು “ಪದ್ಮಾ!” ಎಂದು ಕೂಗಿದ. ಅತ್ತೆಯ ಹೆಸರು ನನಗೆ ತಿಳಿದದ್ದೇ ಅಂದು. ಮನೆಯೆಲ್ಲ ಬೆಚ್ಚಿ ನೋಡಿತು, ಅವಳೊಬ್ಬಳನ್ನು ಬಿಟ್ಟು. ಎಷ್ಟು ದಿನದಿಂದ ನಮ್ಮ ತುಟಿ ನೋಡಿಯೇ ಹೂಂಗುಟ್ಟುತ್ತಿದ್ದಳೋ! ಓದಿದವನಾದ ನನಗೂ ಹೊಳೆದಿರಲಿಲ್ಲ.

ಮಾವ ಹೋಗಿ ಅವಳ ಪಕ್ಕ ನೆಲಕ್ಕೆ ಕೂತ. ತುಂತುಣಿಯನ್ನು ಅವಳ ಮಡಿಲಲ್ಲಿಟ್ಟು, ಅವಳ ಅಂಗೈಯನ್ನು ಚರ್ಮಕ್ಕೆ ಒತ್ತಿ ಹಿಡಿದು ಮೀಟಿದ. ಅತ್ತೆ ಕಣ್ಣು ಮುಚ್ಚಿದಳು.

“ತಂತಿ ಸಡ್ಲ ಆಗೇತ್ರಿ,” ಎಂದಳು.

ಮಾವ ಬಿರಡೆ ತಿರುವತೊಡಗಿದ. ಅವಳ ಕೈ ಚರ್ಮ ಬಿಟ್ಟು ಏಳಲಿಲ್ಲ.