ಸಹಕಾರನಗರದಲ್ಲೊಂದು ಬಂದೂಕಿನ ಅರ್ಜಿ

ನಿಯಮದ ಪ್ರಕಾರವೇ ನಡೆಯುತ್ತೇನೆ ಎಂದು ಹೊರಟಾಗಲೆಲ್ಲ ನನಗೆ ಎಲ್ಲೋ ಒಂದು ಮುಖಭಂಗ ಕಾದಿರುತ್ತದೆ. ಬಂದೂಕು ಕೊಳ್ಳಲು ಹೊರಟಾಗ ಸಾಲಾಗಿ ನಾಲ್ಕಾದವು.

ನಮ್ಮ ಬೀದಿಯ ಮೂಲೆ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದ್ದರು. ಅಂದಿನಿಂದ ನನ್ನ ಹೆಂಡತಿಗೆ ಊಟ ಸೇರಲಿಲ್ಲ. "ಏನಾದ್ರೂ ಮಾಡ್ರೀ. ಇಲ್ಲಾಂದ್ರೆ ಸಂಜಯನಗರಕ್ಕೆ ಅಕ್ಕನ ಮನೆಗೆ ಹೋಗಿ ಇದ್ಬಿಡ್ತೀನಿ" ಎಂದಳು. ಅವಳು ಬಾಯಿಮಾತಿಗೆ ಹೇಳುವವಳಲ್ಲ. ಇರುವವರು ನಾವಿಬ್ಬರೇ. ಅವಳು ಹೋದರೆ ಅದು ಮನೆಯಾಗಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಅಂಗಡಿ

ಒಂದು ವಾರ ಕೂತು ರಿವಾಲ್ವರ್, ಪಿಸ್ತೂಲು, ಜೋಡುನಳಿಗೆಯ ಕೋವಿ ಮೂರನ್ನೂ ತೂಕ, ಉದ್ದ, ಸದ್ದಿನ ಪ್ರಕಾರ ಹೋಲಿಸಿ ಪಟ್ಟಿ ಮಾಡಿದೆ. ಬಂದೂಕಿನಂಗಡಿಯ ಸಾಹೇಬರು ಅದನ್ನು ಗೌರವದಿಂದಲೇ ಓದಿದರು.

"ಬಹಳ ಚೆನ್ನಾಗಿದೆ ಸಾರ್. ತಗೊಂಡ್ಮೇಲೆ ಎಲ್ಲಿ ಇಡ್ತೀರಾ?"

"ಬೀರುವಿನಲ್ಲಿ, ಬೀಗ ಹಾಕಿ. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ. ಅದಕ್ಕೂ ಬೀಗ."

"ಕಳ್ಳ ಬಂದ ಅಂತ ಇಟ್ಕೊಳ್ಳಿ. ಎಲ್ಲ ತೆಗೆಯೋಕೆ ಎಷ್ಟು ಹೊತ್ತು ಬೇಕು?"

ಕನ್ನಡಕ ಹುಡುಕುವುದನ್ನೂ ಸೇರಿಸಿ ಪ್ರಾಮಾಣಿಕವಾಗಿ ಲೆಕ್ಕ ಹಾಕಿದೆ. "ಆರು ನಿಮಿಷ."

ಸಾಹೇಬರು ಪಟ್ಟಿಯನ್ನು ಮಡಚಿ ನನ್ನ ಕೈಗಿಟ್ಟರು. "ಅಲ್ಲೀವರೆಗೆ ಅವನಿಗೆ ಕೂರೋಕೆ ಒಂದು ಕುರ್ಚಿ ಹಾಕಿ. ಮೊದ್ಲು ಲೈಸೆನ್ಸ್ ತಗೊಂಡು ಬನ್ನಿ ಸಾರ್."

ಠಾಣೆ

ಅರ್ಜಿಯಲ್ಲಿ ಒಂದು ಅಂಕಣವನ್ನೂ ಖಾಲಿ ಬಿಟ್ಟಿರಲಿಲ್ಲ. ಆದರೂ ಪೇದೆ ತಲೆಯಾಡಿಸಿದರು.

"ಜೀವ ಬೆದರಿಕೆ ಯಾರಿಂದ ಸಾರ್?"

"ಕಳ್ಳರಿಂದ ಅಂತ ಬರೆದಿದ್ದೇನಲ್ಲ."

"ಹೆಸರು ಬೇಕು. ಇಂಥವರಿಂದ ಅಂತ."

"ಕಳ್ಳನ ಹೆಸರು ನನಗೆ ಹೇಗೆ ಗೊತ್ತಿರುತ್ತೆ?"

"ಹಂಗಾದ್ರೆ ನಿಮಗಾಗದೇ ಇರೋರು ಯಾರೂ ಇಲ್ಲ?"

"ನಾನು ಯಾರ ತಂಟೆಗೂ ಹೋದವನಲ್ಲ."

"ಆಯ್ತು, ಬೀದೀಲಿ ವಿಚಾರಿಸ್ತೀವಿ. ಇನ್ನೊಂದು ಸಾರ್, ಎಲೆಕ್ಷನ್ ಬಂದಾಗ ಗನ್ ತಂದು ಇಲ್ಲಿ ಡೆಪಾಸಿಟ್ ಮಾಡ್ಬೇಕು. ಮುಗಿದ್ಮೇಲೆ ವಾಪಸ್ ಕೊಡ್ತೀವಿ."

"ಆ ಸಮಯದಲ್ಲೇ ಕಳ್ಳ ಬಂದರೆ?"

"ಅವನಿಗೂ ಪ್ರಚಾರದ ಕೆಲ್ಸ ಇರುತ್ತೆ, ಬಿಡಿ."

ಬೀದಿ

ಮಾತು ಕೊಟ್ಟಂತೆ ಪೇದೆ ಬಂದರು. ನಾನು ಗೇಟಿನೊಳಗೇ ನಿಂತಿದ್ದೆ. ಕಿವಿಗೊಡಬಾರದು, ನಿಜ. ಆದರೆ ಎದುರು ಮನೆಯವರು ಸಣ್ಣಗೆ ಮಾತಾಡುವವರಲ್ಲ.

"ಹಸಿ ಕಸದಲ್ಲಿ ಒಂದು ಹಾಲಿನ ಕವರ್ ಇತ್ತು ಅಂತ ನಮ್ಮ ಬಕೆಟ್ ಫೋಟೋನ ಬೀದಿ ಗ್ರೂಪಿಗೆ ಹಾಕಿದ್ರು. ಇವರ ಕೈಗೆ ಗನ್ ಬೇರೆ ಕೊಡ್ತೀರಾ?"

ಇಸ್ತ್ರಿ ಗಾಡಿಯವನು ಇನ್ನೂ ಕಡಿಮೆ ಮಾತಿನಲ್ಲಿ ಮುಗಿಸಿದ. "ಮಡಿಕೆ ಸರಿಯಿಲ್ಲ ಅಂತ ಒಂದೇ ಷರ್ಟು ಮೂರು ಸಲ ವಾಪಸ್ ಕಳ್ಸಿದ್ರು ಸಾರ್. ಸದ್ಯ, ಬರೀ ಷರ್ಟ್ ಕಳ್ಸಿದ್ರು."

ಏಳು ಮನೆ ಸುತ್ತಿ ಪೇದೆ ನನ್ನ ಬಳಿಗೆ ಬಂದರು. ಮುಖದಲ್ಲಿ ನಿಜವಾದ ಸಂಕಟವಿತ್ತು.

"ನಿಮ್ಗೆ ಯಾರಿಂದಲೂ ಬೆದರಿಕೆ ಇಲ್ಲ ಸಾರ್. ಇವ್ರಿಗೆಲ್ಲ ನಿಮ್ಮಿಂದ ಇದೆಯಂತೆ. ಹೆಸರು ಸಮೇತ ಹೇಳ್ತಿದಾರೆ. ಅವರು ಅರ್ಜಿ ಹಾಕಿದ್ರೆ ಬೇಗ ಸಿಗುತ್ತೆ."

ಮನೆ

ಕೊನೆಯದು ಹೆಂಡತಿಯ ಹೇಳಿಕೆ. ಇಷ್ಟೆಲ್ಲ ಓಡಾಡಿದ್ದು ಅವಳಿಗಾಗಿಯೇ, ಆದ್ದರಿಂದ ಅದೊಂದರ ಬಗ್ಗೆ ನನಗೆ ಅನುಮಾನವಿರಲಿಲ್ಲ. ಪೇದೆ ಬೀದಿಯವರ ಮಾತನ್ನೆಲ್ಲ ಅವಳಿಗೆ ಓದಿ ಹೇಳಿ, "ಮನೇಲಿ ಗನ್ ಇಡೋಕೆ ನಿಮ್ಮ ಒಪ್ಪಿಗೆ ಇದೆಯಾ ಅಮ್ಮ?" ಎಂದು ಕೇಳಿದರು.

ಅವಳು ಕಾಫಿ ಲೋಟ ಅವರ ಮುಂದಿಟ್ಟು ಯೋಚಿಸಿದಳು.

"ಕಳ್ಳ ಬಂದ್ರೆ ಒಂದ್ಸಲ ಬರ್ತಾನೆ. ಇವರು ದಿನಾ ಇರ್ತಾರೆ. ಬೇಡ ಅಂತ ಬರ್ಕೊಳ್ಳಿ."

ಅವರು ಹೋದ ಮೇಲೆ ಕೇಳಿದೆ, "ನನ್ನ ಕಂಡರೆ ನಿನಗೂ ಭಯವಾ?"

"ಮದುವೆ ಆದಾಗಿಂದ" ಎಂದಳು, ಲೋಟ ತೊಳೆಯುತ್ತಾ. ಬೇಸರವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ವಿಳಾಸ ಕೇಳಿದರೆ ಹೇಳುವ ಹಾಗೆ ಹೇಳಿದಳು.

ನಾನು ಹಜಾರದಲ್ಲಿ ಕೂತೆ. ಒಳಗೆ ಅಕ್ಕನಿಗೆ ಫೋನು ಹೋಯಿತು. ಎಷ್ಟೋ ದಿನದ ಮೇಲೆ ಅವಳ ದನಿ ಹಗುರಾಗಿತ್ತು.

"ಬರಲ್ಲ ಕಣೇ ಅಕ್ಕಾ. ಇಲ್ಲೇನೂ ಭಯ ಇಲ್ವಂತೆ. ಇಡೀ ಬೀದೀನೇ ನಮ್ಮನೆಯವರಿಗೆ ಹೆದರುತ್ತಂತೆ, ಪೊಲೀಸರೇ ಬರ್ಕೊಂಡು ಹೋದ್ರು."