ಹಾಲಿಲ್ಲದ ಬುಧವಾರ

ಛತ್ರಿ ಕಂಪನಿಯ ದೂರು ವಿಭಾಗದಲ್ಲಿ ಫೋನು ಎತ್ತುವಾಕೆಯನ್ನು ಎಲ್ಲರೂ ‘ಆಗ್ಲಿ ಅಕ್ಕ’ ಎಂದೇ ಕರೆಯುತ್ತಿದ್ದರು. ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದುದು ಆ ಒಂದೇ ಮಾತು. ‘ಬೇಡ’ ಅನ್ನುವುದು ಗಂಟಲವರೆಗೆ ಬಂದು, ಕೆಟ್ಟ ಛತ್ರಿಯ ಹಾಗೆ ತೆರೆಯದೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಬುಧವಾರ ಬಂತೆಂದರೆ ಮ್ಯಾನೇಜರ್ ಮೇಡಂ ಮನೆಯಲ್ಲಿ ತಾವೇ ಮಾಡಿದ ಕೇಕು ತರುತ್ತಿದ್ದರು. ಅದನ್ನು ಕಚ್ಚಿದವರಿಗೆ ತಮ್ಮ ಹಲ್ಲಿನ ಮೇಲಿದ್ದ ನಂಬಿಕೆಯೇ ಹೋಗುತ್ತಿತ್ತು. ವರ್ಷಗಟ್ಟಲೆ ತಿಂದ ಅಕ್ಕ ಈ ಬುಧವಾರ ಧೈರ್ಯ ಮಾಡಿದಳು. ಬೇಡ ಅನ್ನುವಷ್ಟಲ್ಲ, ಸುಳ್ಳು ಹೇಳುವಷ್ಟು.

“ಮೇಡಂ, ನಾನೀಗ ವೀಗನ್. ಮಾಂಸ ಮೊದಲೇ ಇಲ್ಲ. ಇನ್ನು ಹಾಲು, ಬೆಣ್ಣೆ, ಮೊಟ್ಟೆನೂ ಮುಟ್ಟಲ್ಲ.”

ಆ ಪದವನ್ನು ಅವಳು ಹಿಂದಿನ ದಿನವಷ್ಟೇ ಟೀವಿಯಲ್ಲಿ ಕೇಳಿದ್ದಳು. ಮೇಡಂ ಮುಖ ಸಣ್ಣದಾಗುತ್ತದೆ ಅಂದುಕೊಂಡರೆ ಅದು ಅರಳಿಬಿಟ್ಟಿತು.

“ಎಷ್ಟು ಗಟ್ಟಿ ಮನಸ್ಸು ನಿಂದು! ಮೊದಲೇ ಹೇಳಬಾರದಿತ್ತಾ?”

ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿಗೆ ‘ಪೊಲೀಸಮ್ಮ’ ಎಂಬ ಹೆಸರಿತ್ತು. ಪಕ್ಕದಲ್ಲೇ ನಿಂತು ಇದನ್ನು ಕೇಳಿಸಿಕೊಂಡ ಕ್ಷಣದಿಂದಲೇ ಅವಳು ಅಕ್ಕನ ಹೊಟ್ಟೆಯ ಕಾವಲಿಗೆ ನಿಂತಳು.

ಹನ್ನೊಂದು ಗಂಟೆಗೆ ಚಹಾ ಬಂತು. ಇಡೀ ದಿನದಲ್ಲಿ ಅಕ್ಕನದು ಅಂತ ಇದ್ದದ್ದು ಈ ಒಂದು ಲೋಟ. ಮನೆಯಲ್ಲಿ ಅತ್ತೆ, ಗಂಡ, ಮಕ್ಕಳು ಎಲ್ಲರಿಗೂ ಕೊಟ್ಟ ಮೇಲೆ ಅವಳಿಗೆ ಉಳಿಯುತ್ತಿದ್ದುದು ಹಾಲು ಮುಗಿದ, ಆರಿದ ಕಂದು ನೀರು. ಇಲ್ಲಿ ಮಾತ್ರ ಬಿಸಿಯಾಗಿ, ಕೆನೆ ಕಟ್ಟಿ, ಮಧ್ಯದಲ್ಲಿ ಯಾರೂ ಕರೆಯದೆ, ಕೊನೆಯ ಗುಟುಕಿನವರೆಗೂ ಅವಳದೇ.

“ಅಯ್ಯಯ್ಯೋ, ಹಾಲು!” ಪೊಲೀಸಮ್ಮ ಲೋಟ ಕಿತ್ತುಕೊಂಡು ತಾನೇ ಕುಡಿದಳು. “ಆ ಪಾಪ ನನಗಿರ್ಲಿ. ನೀನು ಬಿಸಿನೀರು ಕುಡಿ.”

“ಆಗ್ಲಿ,” ಅಂದಳು ಅಕ್ಕ.

ಮಧ್ಯಾಹ್ನ ಡಬ್ಬಿಯಲ್ಲಿದ್ದ ಬೆಣ್ಣೆ ಹಚ್ಚಿದ ಬ್ರೆಡ್ಡಿಗೂ ಅದೇ ಗತಿ. “ಬಾ, ಇಷ್ಟು ದೊಡ್ಡ ಊರಲ್ಲಿ ನಿನಗೊಂದು ತುತ್ತು ಸಿಗಲ್ವಾ?” ಎಂದು ಪೊಲೀಸಮ್ಮ ಅವಳನ್ನು ಎಳೆದುಕೊಂಡೇ ಹೊರಟಳು.

ಮೊದಲ ಹೋಟೆಲಿನ ತರಕಾರಿ ಸೂಪಿನ ತಳದಲ್ಲಿ ಒಂದು ಮೂಳೆ ಮಲಗಿತ್ತು. “ಅದು ತಿನ್ನೋಕಲ್ಲಮ್ಮ, ಬರೀ ರುಚಿಗೆ. ಪಕ್ಕಕ್ಕಿಡಿ,” ಅಂದ ಮಾಣಿ.

ಎರಡನೆಯದಕ್ಕೆ ‘ಶುದ್ಧ ಸಸ್ಯಾಹಾರಿ’ ಎಂಬ ಬೋರ್ಡಿತ್ತು. ತಟ್ಟೆಯಲ್ಲಿ ಬಂದದ್ದು ಬಾಲ, ಹುರುಪೆ ಸಮೇತ ಒಂದು ಇಡೀ ಮೀನು.

“ಸೋಯಾದ್ದು! ಒಳಗೆ ಬಿದಿರಿನ ಮುಳ್ಳೂ ಇದೆ,” ಎಂದು ಅಡುಗೆಯವನು ಹೆಮ್ಮೆಯಿಂದ ಹೇಳಿದ. ಮೆಣಸುಕಾಳಿನ ಕಣ್ಣಿಂದ ಮೀನು ಅಕ್ಕನನ್ನೇ ನೋಡಿತು. ಅಕ್ಕ ತಲೆ ತಗ್ಗಿಸಿದಳು.

ಮೂರನೆಯ ಕಡೆ ಸೌತೆಕಾಯಿ ಸಿಕ್ಕಿತು. ಬರೀ ಸೌತೆಕಾಯಿ. ಮೀನು, ಸೂಪು ಎರಡನ್ನೂ, ದಂಡವಾಗಬಾರದೆಂದು, ಪೊಲೀಸಮ್ಮ ಆಗಲೇ ಮುಗಿಸಿದ್ದಳು.

ಆಫೀಸಿಗೆ ಮರಳಿದಾಗ ಫೋನು ಹೊಡೆದುಕೊಳ್ಳುತ್ತಿತ್ತು. “ಏನಮ್ಮ, ನಿಮ್ಮ ಛತ್ರಿ ಬೇಕಾದಾಗ ತೆರೆಯೋದೇ ಇಲ್ವಲ್ಲ!”

“ನಂದೂ ಅಷ್ಟೇ ಸಾರ್,” ಅಂದುಬಿಟ್ಟಳು ಅಕ್ಕ.

ಸಂಜೆ ಅವಳು ಬಸ್ಸು ಬಿಟ್ಟು, ಯಾರೂ ಬಾರದ ಒಂದು ಓಣಿಗೆ ನುಗ್ಗಿದಳು. ಕೊನೆಯಲ್ಲೊಂದು ಪುಟ್ಟ ಚಹಾದಂಗಡಿ. ತಲೆಯ ಮೇಲೆ ಶಾಲು ಎಳೆದುಕೊಂಡು ಮೂಲೆಯಲ್ಲಿ ಕೂತಳು.

“ಒಂದು ಚಹಾ. ಹಾಲು ಜಾಸ್ತಿ ಹಾಕಿ.”

ಅಂಗಡಿಯವ ಯಾಕೋ ನಕ್ಕ. ನೊರೆಯುಕ್ಕುವ ಲೋಟ ಬಂತು. ಮೊದಲ ಗುಟುಕಿಗೇ ಅಕ್ಕನ ಕಣ್ಣು ಮುಚ್ಚಿತು. “ಹಾಲು ಅಂದ್ರೆ ಇದು!”

ಕಣ್ಣು ತೆರೆದರೆ ಬಾಗಿಲಲ್ಲಿ ಪೊಲೀಸಮ್ಮ, ಅವಳ ಹಿಂದೆ ಮೇಡಂ. ಅಕ್ಕನ ಮೀಸೆಯ ಜಾಗದಲ್ಲಿ ನೊರೆ, ಎದೆಯಲ್ಲಿ ಗುಡುಗು.

“ಅಯ್ಯೋ, ನೀನೇ ಪತ್ತೆ ಮಾಡಿಬಿಟ್ಯಾ!” ಪೊಲೀಸಮ್ಮ ಚಪ್ಪಾಳೆ ತಟ್ಟಿದಳು. “ನಿನಗೋಸ್ಕರ ನಾವು ಊರೆಲ್ಲಾ ವಿಚಾರಿಸಿದ್ವಿ. ಹನಿ ಹಾಲೂ ಬಳಸದ ಅಂಗಡಿ ಇದೊಂದೇ ಅಂತೆ!”

“ಎಲ್ಲಾ ಸೋಯಾಕಾಳಿನ ಹಾಲೇ ಅಮ್ಮ,” ಅಂದ ಅಂಗಡಿಯವ. “ಇಲ್ಲಿ ಬಂದು ಹಾಲು ಜಾಸ್ತಿ ಅಂದ್ರಲ್ಲ, ತಮಾಷೆ ಅಂದ್ಕೊಂಡೆ.”

ಅಕ್ಕನ ಜೀವ ಮರಳಿ ಬಂತು. ನಾಲಿಗೆಯ ಮೇಲಿದ್ದ ಕೆನೆ ಮಾತ್ರ ಅರೆಕ್ಷಣದಲ್ಲಿ ನೆನೆದ ಕಾಳಿನ ವಾಸನೆ ಹೊಡೆಯಿತು.

ಮೇಡಂ ಪಕ್ಕದಲ್ಲೇ ಕೂತರು. “ಇವರಿಗೆ ಫೋನ್ ಮಾಡಿ ಎಲ್ಲಾ ಕೇಳ್ಕೊಂಡೆ, ಕೇಕಿನ ಸಾಮಾನಿಗೆ ಅಂತಲೇ ಬಂದೆ. ಇನ್ನು ಮೇಲೆ ನಿನಗೇ ಅಂತ ಬೇರೆ ಕೇಕು. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ಸ್ವಲ್ಪ ಗಟ್ಟಿ ಬರುತ್ತಂತೆ, ಅಷ್ಟೇ.”

ಅಕ್ಕನ ಗಂಟಲಲ್ಲಿ ಏನೋ ಕಿರುಗುಟ್ಟಿತು. ಜನ್ಮದಲ್ಲೇ ಮೊದಲ ಸಲ ಛತ್ರಿ ಪಟ್ಟಂತ ತೆರೆಯಿತು.

“ಬೇಡ!”

ಮೇಡಂ ಕಣ್ಣಲ್ಲಿ ನೀರಾಡಿತು.

“ನೋಡಿದ್ಯಾ? ನನಗೆ ಕಷ್ಟ ಆಗುತ್ತೆ ಅಂತ ಬೇಡ ಅಂತಿದಾಳೆ! ಇಂಥವಳಿಗೆ ಬುಧವಾರ ಒಂದೇ ಸಾಕಾ? ದಿನಾ ಮಾಡ್ತೀನಿ.”

ಪೊಲೀಸಮ್ಮ ಅಕ್ಕನ ಬೆನ್ನು ತಟ್ಟಿದಳು. “ಸಂಕೋಚ ಬಿಡು ಅಕ್ಕ. ಆಗ್ಲಿ ಅನ್ನು.”